ಬಿಸಿಲು ಕಳವಾದ ಗ್ರಂಥಾಲಯ

೨೦೨೬ನೆಯ ಇಸವಿ, ಏಪ್ರಿಲ್ ಏಳು, ಮಂಗಳವಾರ. ಸಾಯಂಕಾಲ ಗ್ರಂಥಾಲಯ ಮುಚ್ಚುವ ಹೊತ್ತಿಗೆ ಗೋಡೆಯ ಮೇಲಿನ ಪುಟ್ಟ ಪರದೆಯು, ಆ ದಿನ ಬಿಸಿಲಿನಿಂದ ಹುಟ್ಟಿದ ವಿದ್ಯುತ್ತು ಹನ್ನೊಂದು ಯೂನಿಟ್ ಎಂದು ತೋರಿಸಿತು. ಹಿಂದಿನ ವಾರವೆಲ್ಲ ಅದೇ ಪರದೆಯು ಹತ್ತೊಂಬತ್ತಕ್ಕಿಂತ ಕಡಿಮೆ ತೋರಿಸಿದ್ದಿಲ್ಲ. ಹತ್ತೊಂಬತ್ತರಲ್ಲಿ ಹನ್ನೊಂದು ಕಳೆದರೆ ಎಂಟು. ಈ ಎಂಟು ಎಲ್ಲಿಗೆ ಹೋಯಿತೆಂದು ಬೇರೆ ಯಾರಾದರೂ ಆಗಿದ್ದರೆ ಮೋಡವನ್ನು ಕೇಳುತ್ತಿದ್ದರು. ಆಕಾಶದಲ್ಲಿ ಮೋಡವಿರಲಿಲ್ಲ. ಆದುದರಿಂದ ಗೈಬುಸಾಬ ನದಾಫರು ಮನುಷ್ಯರನ್ನು ಕೇಳಲು ನಿರ್ಧರಿಸಿದರು. ಮನುಷ್ಯರಲ್ಲಿಯೂ ಮೊದಲು ಕೈಗೆ ಸಿಕ್ಕವರನ್ನು.

ಕೈಗೆ ಸಿಕ್ಕವಳು ಗ್ರಂಥಪಾಲಕಿ ಮಾಲಾ. ಅವಳು ಬಾಗಿಲಿಗೆ ಬೀಗ ಹಾಕಲು ಹೊರಟಿದ್ದಳು.

“ಮಾಲಾ, ನಿಂದರು. ಬಿಸಿಲ ಕಳುವಾಗೈತಿ.”

“ಏನ್ ಕಳುವಾಗೈತ್ರಿ ಸರ?”

“ಬಿಸಿಲ. ಎಂಟು ಯೂನಿಟ್ ಬಿಸಿಲ.”

ಮಾಲಾ ಕಿಟಕಿಯಿಂದ ಹೊರಗೆ ನೋಡಿದಳು. “ಹೊರಗ ಇನ್ನೂ ಭಾಳ ಉಳದೈತ್ರಿ,” ಎಂದಳು.

ಗೈಬುಸಾಬರಿಗೆ ಈ ಉತ್ತರ ಸರಿಬರಲಿಲ್ಲ. ಅವರಿಗೆ ಸರಿಬಂದ ಉತ್ತರವನ್ನು ಕರಿಮಟ್ಟಿಯಲ್ಲಿ ಇದುವರೆಗೆ ಯಾರೂ ಕೊಟ್ಟಿಲ್ಲ. ಅವರು ಇಂಡಿ ಪಟ್ಟಣದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಸೇವೆ ಸಲ್ಲಿಸಿ ನಿವೃತ್ತರಾದವರು. ಸೀಟಿ ಊದಿದರೆ ಬಸ್ಸು ಹೊರಡುತ್ತದೆ, ಊದದಿದ್ದರೆ ಹೊರಡುವುದಿಲ್ಲ ಎಂಬ ಜಗತ್ತಿನಿಂದ ಬಂದ ಮನುಷ್ಯನಿಗೆ, ಯಾರ ಸೀಟಿಗೂ ಕಾಯದೆ ನಡೆಯುವ ಈ ಜಗತ್ತು ತೀರಾ ಶಿಸ್ತಿಲ್ಲದ್ದಾಗಿ ಕಾಣುವುದು ಸಹಜವೇ. ನಿವೃತ್ತಿಯ ನಂತರವೂ ಸೀಟಿಯು ಅವರ ಅಂಗಿಯ ಕಿಸೆಯಲ್ಲಿತ್ತು. ಅದನ್ನು ಊದಲು ಒಂದು ಸ್ಥಳ ಬೇಕಾಗಿತ್ತು. ಊರವರು ಅವರನ್ನು ಗ್ರಂಥಾಲಯದ ಓದುಗರ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿ, ಹೊಟೇಲಿನ ಕಟ್ಟೆಯನ್ನು ಸೀಟಿಯಿಂದ ಉಳಿಸಿಕೊಂಡರು.

ಹೊಸ ಗ್ರಂಥಾಲಯವೂ ಸಾಮಾನ್ಯ ಕಟ್ಟಡವಲ್ಲ. ವಿಜಯಪುರದಿಂದ ಬಂದ ಇಂಜಿನಿಯರೊಬ್ಬಳು ಅದನ್ನು ಪರಿಸರಕ್ಕೆ ಹೊರೆಯಾಗದಂತೆ ಯೋಚಿಸಿ ಕಟ್ಟಿಸಿದ್ದಳು. ಗೋಡೆಗಳ ನಡುವೆ ಪೊಳ್ಳು ಬಿಟ್ಟು ಸೆಕೆ ಒಳಗೆ ಬಾರದಂತೆ ಮಾಡಿದ್ದಳು. ಮಾಳಿಗೆಗೆ ಬಿಳಿ ಸುಣ್ಣ. ಕಿಟಕಿಗಳೆಲ್ಲ ಬಡಗಣ ದಿಕ್ಕಿಗೆ, ಹಗಲಿನಲ್ಲಿ ದೀಪವೇ ಬೇಡ. ಬಿಸಿಗಾಳಿ ಮೇಲಿನಿಂದ ಹೊರಬೀಳಲು ಗವಾಕ್ಷಿಗಳು. ಮಳೆಯ ನೀರಿಗೆ ನೆಲದೊಳಗೆ ತೊಟ್ಟಿ. ಮಾಳಿಗೆಯ ಮೇಲೆ ಸೌರ ಫಲಕಗಳು. ಊರವರು ಅವನ್ನು ಸೋಲಾರ ತಗಡು ಎನ್ನುತ್ತಾರೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಪರಿಸರಸ್ನೇಹಿ ಗ್ರಂಥಾಲಯಗಳಿಗೆ ಒಂದು ಸಂಸ್ಥೆಯವರು ಸ್ಪರ್ಧೆ ಏರ್ಪಡಿಸಿದ್ದರು. ಮುಂದಿನ ವಾರವೇ ಪರೀಕ್ಷಕರು ಬರುವವರಿದ್ದರು. ಪ್ರಥಮ ಬಹುಮಾನವು ಕರಿಮಟ್ಟಿಗೇ ಬರುತ್ತದೆಂದು ಗೈಬುಸಾಬರು ಹೊಟೇಲಿನಲ್ಲಿ ಆಗಲೇ ಘೋಷಿಸಿಯಾಗಿತ್ತು, ಹೊರ್ತಿಯ ಬಸ್ಸು ಎಷ್ಟನೆಯ ಕಟ್ಟೆಗೆ ಬರುತ್ತದೆಂದು ಹೇಳುವ ಧ್ವನಿಯಲ್ಲಿ. ಬಹುಮಾನದ ಫಲಕ ನಿಲ್ಲಿಸಲೆಂದು ಕಥೆ ಪುಸ್ತಕಗಳ ಒಂದು ಕಪಾಟನ್ನು ಖಾಲಿಯೂ ಮಾಡಿಸಿದ್ದರು.

ಇಷ್ಟಕ್ಕೇ ನಿಂತಿದ್ದರೆ ಈ ಕಥೆಗೆ ಅವಕಾಶವಿರುತ್ತಿರಲಿಲ್ಲ. ಗ್ರಂಥಾಲಯದ ಮಾಳಿಗೆಗೆ ಬಿಳಿ ಸುಣ್ಣ ಬಳಿದದ್ದನ್ನು ನೋಡಿ ಅವರು ತಮ್ಮ ಮನೆಯ ಮಾಳಿಗೆಗೂ ಬಳಿಸಿದರು. ಸುಣ್ಣ ಕೊಳೆಯಾಗಬಾರದೆಂದು ಮಾಳಿಗೆಯನ್ನು ಹತ್ತುವುದನ್ನೇ ನಿಷೇಧಿಸಿದರು. ಚೈತ್ರ ಬಂತೆಂದರೆ ಈ ಭಾಗದ ಮಾಳಿಗೆಗಳ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಸಂಡಿಗೆ, ಹಪ್ಪಳ, ಶಾವಿಗೆ, ಕುರಡಿಗೆ, ಮೆಣಸಿನಕಾಯಿ, ವರ್ಷದ ಊಟವೆಲ್ಲ ಅಲ್ಲಿ ಬಿಸಿಲಿಗೆ ಬಿದ್ದಿರುತ್ತದೆ. ಅಂಥ ತಿಂಗಳಲ್ಲಿ ಹೆಂಡತಿಗೆ ಮಾಳಿಗೆಯನ್ನು ನಿಷೇಧಿಸುವ ಗಂಡಸು ಒಂದೋ ಬಹಳ ಧೈರ್ಯವಂತನಾಗಿರಬೇಕು, ಇಲ್ಲವೇ ಮನೆಯ ವ್ಯವಹಾರವನ್ನು ಎಂದೂ ಗಮನಿಸದವನಾಗಿರಬೇಕು. ಗೈಬುಸಾಬರು ಧೈರ್ಯವಂತರಲ್ಲ.

ಹೆಂಡತಿ ಸುಗ್ರಾ ಆಗ ವಾದಿಸಲಿಲ್ಲ. ಗ್ರಂಥಾಲಯದ ಫಲಕಗಳ ಮೇಲಿನ ಧೂಳನ್ನು ದಿನಾಲೂ ಒರೆಸಬೇಕು ಎಂದು ಗಂಡ ಹೇಳಿದಾಗಲೂ ವಾದಿಸಲಿಲ್ಲ. ಕಟ್ಟಡದ ಹಿಂಬದಿಯ ಕಬ್ಬಿಣದ ಮೆಟ್ಟಿಲಿನ ಬೀಗದ ಕೈಯನ್ನು ಇಸಿದುಕೊಂಡು, ಒಂದೇ ಒಂದು ಮಾತು ಕೇಳಿದಳು.

“ಮ್ಯಾಲೆ ಏನರ ಮಾಡೂದಿದ್ರ ನಿಮ್ಮನ್ನ ಕೇಳಬೇಕೇನ್ರಿ?”

“ಮ್ಯಾಲಿಂದೆಲ್ಲಾ ನಿಂದ ಉಸ್ತುವಾರಿ. ನನ್ನ ತಲಿ ತಿನ್ನಬ್ಯಾಡ.”

ಅವರು ತಾವೇ ಏಕೆ ಹತ್ತಿ ನೋಡಲಿಲ್ಲ ಎಂದು ಯಾರಾದರೂ ಕೇಳಬಹುದು. ಬಸ್ಸಿನ ಮೇಲೆ ಹತ್ತುವುದು ಹಮಾಲರ ಕೆಲಸ. ಕಂಟ್ರೋಲರನಾದವನು ಕೆಳಗೆ ನಿಂತು ಕೈ ತೋರಿಸುತ್ತಾನೆ.

ಬುಧವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಗೈಬುಸಾಬರ ಸಿಟ್ಟು ಇನ್ನೂ ಇಳಿದಿರಲಿಲ್ಲ. ತಟ್ಟೆಯಲ್ಲಿ ರೊಟ್ಟಿ, ಪುಂಡಿಪಲ್ಯೆ, ಬದಿಗೆ ಆಗತಾನೇ ಕರಿದ ಸಂಡಿಗೆ. ಅವರು ಒಂದನ್ನು ಮುರಿದರು. ಅದು ಪಟ್ಟೆಂದು ಸದ್ದು ಮಾಡಿತು.

“ಈ ಊರಾಗ ಕಳ್ಳರು ಹೆಚ್ಚಾಗ್ಯಾರ,” ಎಂದರು, ಎರಡನೆಯದನ್ನು ಬಾಯಿಗೆ ಹಾಕಿಕೊಳ್ಳುತ್ತ. “ನಿನ್ನೆ ಬಿಸಿಲ ಹೋತು. ಮೊನ್ನೆ ನನ್ನ ಬಿಳಿ ಲುಂಗಿ ಹೋತು. ಲುಂಗಿ ಕದ್ದವನ ಬಿಸಿಲೂ ಕದ್ದಾನ. ಏ ಇವಳ, ಈ ಸಲದ ಸಂಡಿಗಿ ಏನ್ ಗರಿಗರಿ ಆಗ್ಯಾವ!”

“ಬಿಸಿಲ ಚಲೋ ಬಿದ್ದೈತ್ರಿ,” ಎಂದಳು ಸುಗ್ರಾ.

“ಎಲ್ಲಿ ಬಿದ್ದೈತಿ? ಪರದೆ ಮ್ಯಾಲೆ ಹನ್ನೊಂದು ತೋರಸ್ತೈತಿ! ತಗಡು ಸರಿಯಾಗಿ ಒರಸ್ತೀಯೇನು?”

“ಕನ್ನಡಿ ಹಂಗ ಅದಾವ್ರಿ. ಅದರಾಗ ಮಾರಿ ನೋಡಿ ತಲಿ ಬಾಚಬಹುದು.”

“ಹಂಗಾದ್ರ ಒಮ್ಮೆ ಸಾಲೂದಿಲ್ಲ. ಎರಡು ಹೊತ್ತು ಒರಸು.”

“ನನ್ನ ಒಬ್ಬಾಕಿ ಕೈಲೆ ಆಗೂದಿಲ್ಲ. ಸಾತವ್ವನ್ನ ಕರಕೊಳ್ಲೇನು?”

“ಸಾತವ್ವನ್ನ ಕರಕೋ, ಓಣಿ ಮಂದಿನ್ನೆಲ್ಲಾ ಕರಕೋ. ನಂಗ ಹತ್ತೊಂಬತ್ತು ಬೇಕು.” ಹೀಗೆ ಆಜ್ಞಾಪಿಸಿ ಅವರು ಇನ್ನೊಂದು ಹಿಡಿ ಸಂಡಿಗೆ ನೀಡಿಸಿಕೊಂಡರು.

ಗುರುವಾರ ಪರದೆಯು ಏಳು ಎಂದಿತು.

ಇದರಿಂದ ಕೆರಳಿದ ಗೈಬುಸಾಬರು ಗ್ರಂಥಾಲಯದಲ್ಲಿ ತುರ್ತು ಕ್ರಮಗಳನ್ನು ಜಾರಿಗೆ ತಂದರು. ಫ್ಯಾನು ಬಂದ್. ಮೊಬೈಲ್ ಚಾರ್ಜಿಂಗ್ ಬಂದ್. ಕೆಎಎಸ್ ಪರೀಕ್ಷೆಗೆ ಓದುತ್ತಿದ್ದ ಮೋರಟಗಿಯ ಹುಡುಗಿಯೊಬ್ಬಳು ಫ್ಯಾನಿನ ಗುಂಡಿಯನ್ನು ಒತ್ತಿದಾಗ ಸೀಟಿ ಊದಿದರು. ಅವಳು ಬೆಚ್ಚಿ ಭೂಗೋಳದ ಪುಸ್ತಕವನ್ನು ಕಾಲ ಮೇಲೆ ಬೀಳಿಸಿಕೊಂಡಳು.

ಮಾಲಾ ಮೆಲ್ಲಗೆ ಅಂದಳು: “ಸರ, ನಾವು ಹಿಂಗ ಜಗಳಾಡೂಕಿಂತ ಒಮ್ಮೆ ಮ್ಯಾಲೆ ಹತ್ತಿ ನೋಡಿದ್ರ...”

“ಯಾಕ? ನನ್ನ ಮನಿಯಾಕಿ ದಿನಾ ಎರಡು ಹೊತ್ತು ಒರಸಾಕತ್ತಾಳ. ಆಕಿ ಮ್ಯಾಲೆ ನಿಂಗ ಅನುಮಾನ ಐತೇನು?”

“ಛೇ, ಛೇ, ನಾ ಎಲ್ಲಿ ಅಂದೇನ್ರಿ?”

“ಹಂಗಾದ್ರ ಮ್ಯಾಲಿಂದು ಬಿಡು. ಕಳ್ಳ ಕೆಳಗ ಅದಾನ.”

ಸೆಕೆ ತಾಳಲಾರದ ಓದುಗರು ಒಬ್ಬೊಬ್ಬರಾಗಿ ಎದ್ದು, ಕಟ್ಟಡದ ಪಡುವಣ ಮಗ್ಗುಲಿಗಿದ್ದ ಬೇವಿನ ಮರದ ಕೆಳಗೆ ಹೋಗಿ ಕುಳಿತರು. ಅಲ್ಲಿ ಕುರಿಗಾರ ಅಮೋಘಸಿದ್ಧನ ಟಗರು ಮೊದಲೇ ಮಲಗಿತ್ತು. ಅವರ ಹಿಂದೆಯೇ ಹೋದ ಗೈಬುಸಾಬರು ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಅದು ದಟ್ಟವಾಗಿತ್ತು, ತಂಪಾಗಿತ್ತು, ಅಪರಾಧಿಯ ಎಲ್ಲ ಲಕ್ಷಣಗಳೂ ಅದಕ್ಕಿದ್ದವು.

ಮರವು ಪಂಚಾಯತಿಯ ಜಾಗದಲ್ಲಿತ್ತಾದರೂ ಅದನ್ನು ನೆಟ್ಟವನು ಅಮೋಘಸಿದ್ಧನ ಅಜ್ಜ. ಅಮೋಘಸಿದ್ಧನ ಗುಡಿಸಲು, ಕುರಿಹಟ್ಟಿ, ಮಧ್ಯಾಹ್ನದ ನಿದ್ದೆ ಎಲ್ಲವೂ ಅದರ ನೆರಳಿನ ಅಳತೆಗೆ ಕಟ್ಟಿಕೊಂಡಂಥವು. ಬೇಸಿಗೆಯಲ್ಲಿ ಅವನ ಕುರಿಗಳಿಗೆ ಊರಿನಲ್ಲಿ ಬೇರೆ ನೆರಳಿರಲಿಲ್ಲ.

“ಅಮೋಘಸಿದ್ಧ, ನಿನ್ನ ಗಿಡ ನಮ್ಮ ಕರೆಂಟ್ ಕುಡಿಯಾಕತ್ತೈತಿ.”

“ಅದಕ್ಕ ಕುಡಿಯಾಕ ನೀರ ಸಿಗವಲ್ದು, ಕರೆಂಟ್ ಎಲ್ಲಿಂದ ಕುಡೀಬೇಕ್ರಿ ಕಂಟ್ರೋಲರ ಸಾಹೇಬ್ರ?”

“ನೆರಳ ಅಂದ್ರ ಏನು? ಬಿಸಿಲ ಇಲ್ಲದ ಜಾಗಾ. ಅಲ್ಲಿದ್ದ ಬಿಸಿಲ ಎಲ್ಲಿ ಹೋತು? ಗಿಡ ತಿಂತು. ಲೆಕ್ಕ ಸರಿ ಐತಿಲ್ಲ?”

ಅಮೋಘಸಿದ್ಧ ಕಂಬಳಿಯನ್ನು ಹೆಗಲಿಗೇರಿಸಿ ಸ್ವಲ್ಪ ಯೋಚಿಸಿದ. “ಲೆಕ್ಕ ಸರಿ ಐತ್ರಿ. ಆದ್ರ ನೆರಳು ಬೀಳೂದು ಗ್ವಾಡಿ ಮ್ಯಾಲೆ. ತಗಡು ಇರೂದು ಮಾಳಗಿ ಮ್ಯಾಲೆ. ಮ್ಯಾಲಕ ನೆರಳು ಒಗಿಯೂ ವಿದ್ಯಾ ನನ್ನ ಗಿಡಕ್ಕ ಇನ್ನೂ ಬಂದಿಲ್ರಿ.”

ಓದುಗರು ನಕ್ಕರು. ಮೋರಟಗಿಯ ಹುಡುಗಿ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು. ಗೈಬುಸಾಬರು ನಗೆಯ ವಿರುದ್ಧ ಸೀಟಿ ಊದಿದರು. ಟಗರು ಎದ್ದು ನಿಂತಿತು. ಟಗರಿನ ನಿಲುವನ್ನು ನೋಡಿ ಅವರು ನೇರವಾಗಿ ಪಂಚಾಯತಿಯ ಕಚೇರಿಗೆ ನಡೆದರು.

ಅಲ್ಲಿ ಅವರು ಸಲ್ಲಿಸಿದ ಅರ್ಜಿಯ ವಿಷಯ: “ಬೇವಿನ ಮರವೊಂದು ಸರ್ಕಾರಿ ಬಿಸಿಲನ್ನು ದುರುಪಯೋಗಪಡಿಸಿಕೊಳ್ಳುತ್ತಿರುವ ಬಗ್ಗೆ.” ಪಿಡಿಒ ಸಾಹೇಬರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

“ಗೈಬುಸಾಬ್ರ, ಪರಿಸರದ ಬಹುಮಾನಕ್ಕಂತ ಗಿಡ ಕಡೀರಿ ಅಂತ ಬರದೀರಿ.”

“ಹೌದ್ರಿ. ಬಹುಮಾನ ಬೇಕಂದ್ರ ತ್ಯಾಗ ಮಾಡಬೇಕ್ರಿ.”

“ತ್ಯಾಗ ಗಿಡ ಮಾಡಾಕತ್ತೈತಿ, ನೀವಲ್ಲ,” ಎಂದ ಹಿಂದೆಯೇ ಬಂದಿದ್ದ ಅಮೋಘಸಿದ್ಧ. “ಸಾಹೇಬ್ರ, ಈ ಬ್ಯಾಸಗ್ಯಾಗ ಆ ನೆರಳು ಹೋದ್ರ ನನ್ನ ಕುರಿ ಎಲ್ಲಿ ನಿಂದ್ರಬೇಕ್ರಿ? ಇವರ ಕಪಾಟಿನಾಗ?”

“ನಾಲ್ಕು ತಾಲೂಕಿನ ಮುಂದ ಊರಿನ ಮರ್ಯಾದಿ ಐತಿ!” ಎಂದು ಗೈಬುಸಾಬರು ಮೇಜು ಗುದ್ದಿದರು.

ಪಿಡಿಒ ಸಾಹೇಬರು ಇಬ್ಬರನ್ನೂ ಸಮಾನವಾಗಿ ಅತೃಪ್ತಿಗೊಳಿಸುವ ನ್ಯಾಯವಂತರು. “ಇಡೀ ಗಿಡಕ್ಕ ಕೈ ಹಚ್ಚಿದ್ರ ನನ್ನ ನೌಕರಿ ಹೋಗತೈತಿ. ಕಟ್ಟಡದ ಕಡೆಗೆ ಬಾಗಿದ್ದ ದೊಡ್ಡ ಟೊಂಗಿ ಒಂದು ತಗೀರಿ. ಮುಂದಿಂದು ಮುಂದ ನೋಡೂಣು,” ಎಂದರು.

ರವಿವಾರ ಟೊಂಗೆ ಬಿತ್ತು. ಬಿಸಿಲಿಗೆ ಬಿದ್ದ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಹುದುಗಿಸಿ ನಿಂತವು. ಟಗರು ತನ್ನ ಹಳೆಯ ಜಾಗಕ್ಕೆ ಬಂದು, ಮೇಲೆ ನೋಡಿ, ಗೈಬುಸಾಬರನ್ನು ನೋಡಿ, ಅಲ್ಲಿಯೇ ಬಿಸಿಲಲ್ಲಿ ಮಲಗಿತು.

ಮಂಗಳವಾರ ಸಂಜೆ ಪರದೆಯ ಮುಂದೆ ಗೈಬುಸಾಬರು ವಿಜಯದ ಮುಖ ಹೊತ್ತು ನಿಂತರು. ಪರದೆಯು ನಾಲ್ಕು ಎಂದಿತು.

“ಗಿಡ ಸೇಡು ತೀರಸ್ಕೊಳ್ಳಾಕತ್ತೈತಿ,” ಎಂದು ಅವರು ಗರ್ಜಿಸಿದರು. ಅದೇ ಹೊತ್ತಿಗೆ ಫೋನು ಬಂತು. ಸುಗ್ರಾಳ ತಮ್ಮ ಜೈನುದ್ದೀನ. ಮುದ್ದೇಬಿಹಾಳ ತಾಲೂಕಿನ ಒಂದು ಊರಿನಲ್ಲಿ ಅವನೂ ಇಂಥದೇ ಸಮಿತಿಯ ಅಧ್ಯಕ್ಷ, ಅದೇ ಬಹುಮಾನದ ಮೇಲೆ ಅವನಿಗೂ ಕಣ್ಣು.

“ಏನ್ ಮಾಮಾ, ನಿಮ್ಮೂರಾಗ ಸೂರ್ಯ ರಜಾ ಹಾಕ್ಯಾನಂತ?”

“ಯಾವ ಬದ್ಮಾಶ ಹೇಳಿದ?”

“ನಮ್ಮಕ್ಕ. ಆಕಿ ಸಂಡಿಗಿ ಕಳಿಸ್ಯಾಳ, ಮುಟ್ಯಾವಂತ ಹೇಳಾಕ ಫೋನ್ ಮಾಡಿದ್ನಿ. ಏನ್ ಒಣಗಿಸ್ಯಾಳ ಮಾಮಾ! ನಮ್ಮ ಮನಿಯಾಕಿ ಕೇಳಾಕತ್ತಾಳ, ಅಕ್ಕ ಯಾವ ಮಾಳಗಿ ಮ್ಯಾಲೆ ಹಾಕ್ಯಾಳಂತ.”

“ನನ್ನ ಮಾಳಗಿ ಮ್ಯಾಲೆ ಒಂದ ಒಂದು ಸಂಡಿಗಿ ಬಿದ್ದಿಲ್ಲ!” ಎಂದು ಗೈಬುಸಾಬರು ಹೆಮ್ಮೆಯಿಂದ ಹೇಳಿ ಫೋನು ಇಟ್ಟರು. ತಾವು ಏನು ಹೇಳಿದೆವೆಂದು ವಿಚಾರಿಸಲು ಅವರಿಗೆ ಪುರುಸೊತ್ತಿರಲಿಲ್ಲ. ಮರುದಿನ ಬೆಳಿಗ್ಗೆಯೇ ಪರೀಕ್ಷಕರು ಬರುವವರಿದ್ದರು.

ಪರೀಕ್ಷಕರ ಹೆಸರು ಸಿದ್ಧರಾಮ. ಮಿತಭಾಷಿಗಳು. ಬಂದವರೇ ಚಹಾ ಬೇಡವೆಂದರು, ಹಾರ ಬೇಡವೆಂದರು. ಇದರಿಂದಲೇ ಗೈಬುಸಾಬರಿಗೆ ಅರ್ಧ ಎದೆ ಕುಸಿಯಿತು. ಸಾಹೇಬರು ಒಳಗೆ ಹೋಗಿ ಮೂರು ಗೋಡೆಗಳ ಮೇಲೆ ಅಂಗೈ ಇಟ್ಟು ತಲೆಯಾಡಿಸಿದರು. ನಾಲ್ಕನೆಯದರ ಮೇಲೆ, ಅಂದರೆ ಪಡುವಣ ಗೋಡೆಯ ಮೇಲೆ, ಇಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

“ಇದ್ಯಾಕ ಇಷ್ಟು ಬೆಚ್ಚಗೈತಿ? ನಿನ್ನೆ ಸಂಜೀ ಕಾವು ಇನ್ನೂ ಇಳದಿಲ್ಲ.”

“ಬಿಸಿಲ ಬೀಳಲಿ ಅಂತ ಟೊಂಗಿ ತಗಿಸೇವ್ರಿ ಸರ.”

ಸಿದ್ಧರಾಮ ಸಾಹೇಬರು ಚೀಲದಿಂದ ಕಟ್ಟಡದ ನಕ್ಷೆಯನ್ನು ತೆಗೆದು ಮೇಜಿನ ಮೇಲೆ ಹರಡಿದರು. ಗೋಡೆಗಳ ಪಕ್ಕದಲ್ಲಿ, ಕಂಬಗಳನ್ನು ಗುರುತಿಸಿದಷ್ಟೇ ಎಚ್ಚರದಿಂದ, ಒಂದು ದುಂಡನೆಯ ಮರವನ್ನು ಬರೆದಿತ್ತು.

“ನೋಡ್ರಿ. ಮೂರು ಗ್ವಾಡಿಗೆ ನಡುವ ಪೊಳ್ಳು ಬಿಟ್ಟಾರ. ಈ ಗ್ವಾಡಿಗೆ ಪೊಳ್ಳಿಲ್ಲ. ಯಾಕ? ಇಲ್ಲಿ ಗಿಡ ಐತಿ ಅಂತ. ಈ ಗಿಡಾನ ನಿಮ್ಮ ನಾಲ್ಕನೇ ಗ್ವಾಡಿ. ನಿಮ್ಮ ಲೈಬ್ರರಿ ಗ್ವಾಡಿ ನೀವ ಕಡಿಸೀರಿ.”

ಬಾಗಿಲಲ್ಲಿ ನಿಂತಿದ್ದ ಅಮೋಘಸಿದ್ಧ ಕೆಮ್ಮಿದ. ಆ ಕೆಮ್ಮಿನಲ್ಲಿ ಇಡೀ ಭಾಷಣವಿತ್ತು.

“ಸರ, ಅದೆಲ್ಲಾ ಬಿಡ್ರಿ, ಮ್ಯಾಲೆ ಬರ್ರಿ,” ಎಂದರು ಗೈಬುಸಾಬರು ಬೆವರೊರೆಸಿಕೊಳ್ಳುತ್ತ. “ತಗಡು ನೋಡ್ರಿ. ಅಂಥಾ ಸ್ವಚ್ಛ ತಗಡು ನಾಲ್ಕು ತಾಲೂಕಿನಾಗ ಸಿಕ್ರ ನನ್ನ ಹೆಸರು ಗೈಬುಸಾಬ ಅಲ್ಲ.” ಹೀಗೆಂದು, ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ, ಹಮಾಲರ ಕೆಲಸಕ್ಕೆ ಕೈಯಿಕ್ಕಿ ಅವರು ಮೆಟ್ಟಿಲು ಹತ್ತಿದರು. ಹಿಂದೆ ಸಾಹೇಬರು, ಅವರ ಹಿಂದೆ ಪಿಡಿಒ, ಮಾಲಾ, ಅಮೋಘಸಿದ್ಧ.

ಮಾಳಿಗೆಯ ಮೇಲೆ ಸೌರ ಫಲಕಗಳು ಕಾಣಲಿಲ್ಲ. ಅವುಗಳ ಆಕಾರ ಮಾತ್ರ ಕಾಣಿಸಿತು. ಪ್ರತಿಯೊಂದರ ಮೇಲೂ ಬಿಳಿಯ ಬಟ್ಟೆ ಬಿಗಿದು ಕಟ್ಟಿತ್ತು. ಬಟ್ಟೆಯ ಮೇಲೆ ಸಾಲುಸಾಲಾಗಿ ಸಂಡಿಗೆ, ಸುರುಳಿಸುರುಳಿಯಾಗಿ ಕುರಡಿಗೆ, ತುದಿಯ ಫಲಕದ ಮೇಲೆ ಎಳೆಎಳೆಯಾಗಿ ಶಾವಿಗೆ. ಓರೆಯಾಗಿ ನಿಂತ ಫಲಕಗಳ ಕೆಳಗಿನ ನೆರಳಿನಲ್ಲಿ ಓಣಿಯ ಹೆಂಗಸರು ಕಾಗೆ ಓಡಿಸಲು ಕೋಲು ಹಿಡಿದು ಕುಳಿತಿದ್ದರು. ಅವರ ನಡುವೆ ಸುಗ್ರಾ. ಅವಳ ಪಕ್ಕದಲ್ಲಿ ಸಾತವ್ವ. ಸಾತವ್ವ ಎಂದರೆ ಅಮೋಘಸಿದ್ಧನ ಹೆಂಡತಿ.

ಹತ್ತಿರದ ಫಲಕಕ್ಕೆ ಕಟ್ಟಿದ್ದ ಬಟ್ಟೆಯನ್ನು ಗೈಬುಸಾಬರು ಗುರುತಿಸಿದರು. ಅದು ಅವರ ಲುಂಗಿ.

ಒಂದು ಕಾಗೆ ಬಂದಿತು. ಸಾತವ್ವ ಕೋಲು ಬೀಸಿದಳು.

“ಇದಕ್ಕ ಯಾರು ಪರವಾನಿಗಿ ಕೊಟ್ರು?” ಎಂದು ಸಿದ್ಧರಾಮ ಸಾಹೇಬರು ಕೇಳಿದರು.

“ಇವರ್ರಿ,” ಎಂದಳು ಸುಗ್ರಾ, ಗಂಡನ ಕಡೆಗೆ ಸಂಡಿಗೆಯ ಹಿಟ್ಟು ಮೆತ್ತಿದ ಕೈ ತೋರಿಸಿ. “ಮ್ಯಾಲಿಂದೆಲ್ಲಾ ನಿಂದ ಉಸ್ತುವಾರಿ ಅಂದ್ರು. ಓಣಿ ಮಂದಿನ್ನೆಲ್ಲಾ ಕರಕೋ ಅಂದ್ರು.”

“ನಾ ಒರಸಾಕ ಹೇಳಿದ್ನಿ!” ಗೈಬುಸಾಬರ ದನಿ ಒಡೆಯಿತು.

“ಒರಸೇ ಹಾಕೇವ್ರಿ. ಧೂಳಿನ ಮ್ಯಾಲೆ ಯಾರರ ಸಂಡಿಗಿ ಹಾಕ್ತಾರೇನು?”

“ಕರ್ರಗದಾವ, ಕಾದಿರ್ತಾವ, ಓರೆ ಅದಾವ, ನೀರು ನಿಂದ್ರೂದಿಲ್ಲ,” ಎಂದು ಸಾತವ್ವ ಫಲಕಗಳನ್ನು ಹೊಗಳಿದಳು. “ಸರಕಾರದವ್ರು ಸಂಡಿಗಿಗಂತ ಇಷ್ಟು ಚಲೋ ಮಾಡ್ಯಾರ, ಪಾಪ ಏನ್ ತಲಿ ಓಡಿಸ್ಯಾರ ಅಂತ ನಾವು ದಿನಾ ಮಾತಾಡ್ತೇವ್ರಿ.”

ಅಮೋಘಸಿದ್ಧ ನಗಲಿಲ್ಲ. ಹೆಂಡತಿಯ ಕಡೆಗೆ ತಿರುಗಿದ. “ನೀನೂ ಇಲ್ಲೇ ಇದ್ದೀಯೇನ? ಕೆಳಗ ಗಿಡದ ಟೊಂಗಿ ಬೀಳೂ ಮುಂದ ಬಾಯಿ ಇರಲಿಲ್ಲೇನು?”

“ಟೊಂಗಿಗೂ ಸಂಡಿಗಿಗೂ ಸಂಬಂಧ ಐತಂತ ನಂಗೇನ್ ಗೊತ್ತು? ನೀವಿಬ್ಬರು ಗಂಡಸರು ಕರೆಂಟಿನ ಮಾತಾಡಾಕತ್ತಿದ್ರಿ. ಶಾಣ್ಯಾರ ಮಾತು ಅಂತ ಸುಮ್ಮನಿದ್ನಿ.”

ಸಿದ್ಧರಾಮ ಸಾಹೇಬರು ಒಣಗಿದ ಒಂದು ಕುರಡಿಗೆಯನ್ನು ಎತ್ತಿ ಮುರಿದರು. ಅದು ಪಟ್ಟೆಂದಿತು. ಅವರು ತಮ್ಮ ಹಾಳೆಯಲ್ಲಿ ಬರೆದುಕೊಂಡದ್ದನ್ನು ಪಿಡಿಒ ಸಾಹೇಬರು ಹೆಗಲ ಮೇಲಿಂದ ಇಣುಕಿ ಓದಿ ಊರಿಗೆಲ್ಲ ಹೇಳಿದರು: “ಸೌರಶಕ್ತಿಯ ಬಳಕೆ ಪರಿಪೂರ್ಣ. ವಿದ್ಯುತ್ತಿಗಲ್ಲ.”

ಫಲಕಗಳ ದೋಷ ಬಟ್ಟೆ ತೆಗೆದರೆ ಹೋಗುತ್ತಿತ್ತು. ಹೋಯಿತು ಕೂಡ, ಮರುದಿನ ಸಂಜೆ ಪರದೆಯು ಏನೂ ನಡೆದೇ ಇಲ್ಲವೆಂಬಂತೆ ಹತ್ತೊಂಬತ್ತು ತೋರಿಸಿತು. ಆದರೆ ಸಾಹೇಬರು ಹೋಗುವಾಗ ಹೇಳಿದ್ದು ಹೀಗೆ: “ಬಟ್ಟಿ ತಗೀಬಹುದು. ಟೊಂಗಿ ಹೆಂಗ ಹಚ್ತೀರಿ?” ಪ್ರಥಮ ಬಹುಮಾನವು ಸಿಂದಗಿ ತಾಲೂಕಿಗೆ ಹೋಯಿತು. ಖಾಲಿ ಮಾಡಿದ್ದ ಕಪಾಟಿಗೆ ಮಾಲಾ ಕಥೆ ಪುಸ್ತಕಗಳನ್ನು ಮರಳಿ ತುಂಬಿದಳು. ಸುಗ್ರಾ ತನ್ನ ಮನೆಯ ಮಾಳಿಗೆಯನ್ನು ಪರೀಕ್ಷಕರು ಬಂದ ದಿನವೇ ಮಧ್ಯಾಹ್ನ ಮರಳಿ ವಶಪಡಿಸಿಕೊಂಡಳು. ಬಿಳಿ ಸುಣ್ಣ, ನಿಷೇಧ, ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಉಳಿದದ್ದು ಅಮೋಘಸಿದ್ಧನ ವ್ಯವಹಾರ. ಅವನು ಪಂಚಾಯತಿಯ ಕಟ್ಟೆಗೆ ಬಂದು ಎಲ್ಲರ ಎದುರಿನಲ್ಲಿ ಹೇಳಿದ: “ನನ್ನ ನೆರಳು ಕೊಡ್ರಿ.”

ಗೈಬುಸಾಬರು ಕಿಸೆಗೆ ಕೈ ಹಾಕಿದರು. “ಎಷ್ಟಾಗತೈತಿ ಹೇಳು. ಕೊಟ್ಟು ಮುಗಸ್ತೇನಿ.”

“ರೊಕ್ಕ ಹರವಿ ಅದರ ಕೆಳಗ ಕುರಿ ಮಲಗಸ್ಲೇನ್ರಿ? ನೆರಳು ತಗೊಂಡೀರಿ, ನೆರಳ ಕೊಡ್ರಿ.”

ಪಿಡಿಒ ಸಾಹೇಬರು ಈ ಸಲ ಒಬ್ಬರನ್ನು ಮಾತ್ರ ಅತೃಪ್ತಿಗೊಳಿಸಿದರು. ಕುರಿಗಳಿಗೆ ಮರದ ಉಳಿದ ನೆರಳು ಹೇಗೋ ಸಾಲುತ್ತದೆ. ಟಗರು ಮಾತ್ರ ತನ್ನ ಹಳೆಯ ಜಾಗ ಬಿಟ್ಟು ಕದಲುತ್ತಿಲ್ಲ. ಆದ್ದರಿಂದ ಟೊಂಗೆ ಮತ್ತೆ ಬೆಳೆಯುವವರೆಗೆ, ಬಿಸಿಲಿದ್ದ ದಿನ, ನಡುಹೊತ್ತಿನಲ್ಲಿ, ಗೈಬುಸಾಬರು ಛತ್ರಿ ಹಿಡಿದು ಅದಕ್ಕೆ ನೆರಳು ಮಾಡತಕ್ಕದ್ದು.

“ಟಗರಿಗೆ? ನಾನು? ಇಂಡಿ ಕಂಟ್ರೋಲರ್?”

“ಇಲ್ಲಾಂದ್ರ ಬಿಸಿಲ ಕಳುವಾದ ಅರ್ಜಿ ನನ್ನ ಕಡೆ ಐತಿ,” ಎಂದರು ಪಿಡಿಒ. “ಬಹುಮಾನದ ಸುದ್ದಿಗಂತ ಮೊನ್ನೆ ಬಂದ ಪೇಪರಿನವ್ರು ಮತ್ತ ಬರ್ತೇವಿ ಅಂದಾರ.”

ಹೀಗಾಗಿ ಮರುದಿನದಿಂದ ಗೈಬುಸಾಬರು ತಮ್ಮ ದೊಡ್ಡ ಕರಿ ಛತ್ರಿಯನ್ನು ಬಿಚ್ಚಿ, ಗ್ರಂಥಾಲಯದ ಪಡುವಣ ಗೋಡೆಗೆ ಬೆನ್ನು ಮಾಡಿ ನಿಂತರು. ತಾಂಬಾದ ಕಡೆಗೆ ಹೋಗುವ ಬಸ್ಸಿನ ಡ್ರೈವರು ಹಳೆಯ ಪರಿಚಯದವನು. ಅವನು ಬಸ್ಸನ್ನು ನಿಧಾನ ಮಾಡಿ, ಪ್ರಯಾಣಿಕರಿಗೆ ತೋರಿಸಿ ಮುಂದೆ ಹೋದ. ಮೋರಟಗಿಯ ಹುಡುಗಿ ಫ್ಯಾನಿನ ಕೆಳಗಿನಿಂದ ಎದ್ದು ಹೊರಗೆ ಬಂದು ಕೇಳಿದಳು, “ಸರ, ಸೀಟಿ ಊದಿದ್ರ ಟಗರು ಹೊರಡತೈತೇನ್ರಿ?” ಟಗರು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ನೆರಳು ಸ್ವಲ್ಪ ಸರಿದರೆ ಅದು ಒಂದೇ ಕಣ್ಣು ತೆರೆದು ನೋಡುತ್ತಿತ್ತು. ಗೈಬುಸಾಬರು ಛತ್ರಿಯನ್ನು ಸರಿಪಡಿಸುತ್ತಿದ್ದರು.

“ಅನ್ಯಾಯ,” ಎಂದು ಅವರು ಬಂದುಹೋದವರಿಗೆಲ್ಲ ಹೇಳಿದರು. “ಸಂಡಿಗಿ ಹಾಕಿದವ್ರು ಮನ್ಯಾಗ ಅದಾರ. ತಿಂದವ ಬಿಸಿಲಾಗ ನಿಂತಾನ.” ಈ ದೂರಿನಲ್ಲಿ ಎಷ್ಟು ನಿಜವಿತ್ತೆಂದು ಯಾರೂ ಲೆಕ್ಕ ಹಾಕಲಿಲ್ಲ.

ಆ ವಾರದ ಕೊನೆಗೆ ಸುಗ್ರಾ ಮರದ ಕಡೆಗೆ ಬಂದಳು. ಗಂಡನಿಗೆ ಮಜ್ಜಿಗೆ ತಂದಿರಬೇಕೆಂದು ಗೈಬುಸಾಬರ ಮನಸ್ಸು ಮೆತ್ತಗಾಯಿತು. ಅವಳ ಕೈಯಲ್ಲಿ ಮೊರವಿತ್ತು. ಅವಳು ಛತ್ರಿಯ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಸಮಾಧಾನದಿಂದ ತಲೆಯಾಡಿಸಿದಳು.

“ಮಾಳಗಿ ತುಂಬೈತ್ರಿ,” ಎಂದಳು. “ಇದೂ ಕರ್ರಗೈತಿ, ಕಾದೈತಿ. ಸ್ವಲ್ಪ ಅಲುಗಾಡದಂಗ ನಿಂದರ್ರಿ.”

ಮತ್ತು ಅರ್ಧ ಒಣಗಿದ ಸಂಡಿಗೆಗಳನ್ನು ಒಂದೊಂದಾಗಿ ಛತ್ರಿಯ ಮೇಲೆ ಇಡತೊಡಗಿದಳು.

ಗೈಬುಸಾಬರು ಉಸಿರು ಬಿಗಿಹಿಡಿದು ನಿಂತರು. ಸಿಟ್ಟಿನಿಂದ ನಡುಗುವುದಕ್ಕೂ ಅವಕಾಶವಿರಲಿಲ್ಲ. ನಡುಗಿದರೆ ಸಂಡಿಗೆ ಬೀಳುತ್ತಿದ್ದವು. ಕತ್ತರಿಸಿದ ಟೊಂಗೆಯ ಮೊಂಡಿನಲ್ಲಿ ಬೆರಳಿನ ಉಗುರಿನಷ್ಟು ಕೆಂಪು ಚಿಗುರೊಂದು ಒಡೆದಿತ್ತು. ಅವರು ಕತ್ತು ತಿರುಗಿಸದೆ, ಕಣ್ಣನ್ನಷ್ಟೇ ಮೇಲಕ್ಕೆತ್ತಿ ಅದನ್ನು ತೋರಿಸಿದರು.

“ಅಮೋಘಸಿದ್ಧ, ಅಕೋ, ಚಿಗತೈತಿ ನೋಡು.”

ಗುಡಿಸಲ ಮುಂದೆ ಕಂಬಳಿ ಹಾಸಿ ಅಡ್ಡಾಗಿದ್ದ ಅಮೋಘಸಿದ್ಧ ಚಿಗುರನ್ನು ನೋಡಿದ, ಮಲಗಿದ ಟಗರನ್ನು ನೋಡಿದ, ಮಗ್ಗುಲು ಬದಲಿಸಿದ.

“ಹೌದ್ರಿ, ಅಷ್ಟು ಮುಟ್ಟೈತಿ,” ಎಂದ. “ಉಳದದ್ದು ಬಾಕಿ ಐತ್ರಿ.”